ಇಲಿ ಮೇಲಿನ ಪ್ರಯೋಗ: ಶೀರ್ಷಿಕೆಯಲ್ಲೇ ತಿಳಿಸಿ

ಮಾನ್ಯರೇ,

ವೈರಾಣು ಬಳಸಿ ಕ್ಯಾನ್ಸರ್ ಗಡ್ಡೆ ನಾಶಪಡಿಸಿದ ಸುದ್ದಿ ಪ್ರಕಟಿಸುವಾಗ, ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬುದನ್ನು ಶೀರ್ಷಿಕೆಯಲ್ಲೇ ತಿಳಿಸಬೇಕು. ಮಾರ್ಪಡಿಸಿದ ಹರ್ಪಿಸ್ (ತುಟಿಯ ಮೇಲೆ ಗುಳ್ಳೆ ಎಬ್ಬಿಸುವ) ವೈರಾಣು ಇಲಿಗಳ ಮಿದುಳುಗಡ್ಡೆಯನ್ನು ಹತ್ತಿಕ್ಕಿದ ವರದಿ ಬಂದದ್ದು 1991ರಲ್ಲಿ. ಅದೇ ಬಗೆಯ ವೈರಾಣುವಿನಿಂದ ತಯಾರಾದ ಔಷಧಕ್ಕೆ ಅಮೆರಿಕ ಅನುಮತಿ ನೀಡಿದ್ದು 2015ರಲ್ಲಿ. ಅದೂ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಮಾತ್ರ. ನಡುವೆ 24 ವರ್ಷ!

ಬಾಯಿ ಕ್ಯಾನ್ಸರ್ ಇದ್ದ ನನ್ನ ಸೋದರಮಾವ ಇಂಥ ಸುದ್ದಿಯೊಂದನ್ನು ನಂಬಿ, ‘ಹೊಸಾ ಇಂಜೆಕ್ಷನ್ ಬರತೈತಿ, ತಡೀರಿ’ ಎಂದು ಶಸ್ತ್ರಚಿಕಿತ್ಸೆ ಮುಂದೂಡಿದರು. ಅಷ್ಟರಲ್ಲಿ ಗಡ್ಡೆ ಕುತ್ತಿಗೆಗೆ ಇಳಿದಿತ್ತು. ಗುಟ್ಕಾ, ತಂಬಾಕಿನ ಚಟ ಹಳ್ಳಿಹಳ್ಳಿಗೂ ಹಬ್ಬಿರುವ ನಮ್ಮ ಭಾಗದಲ್ಲಿ ಇದು ಸಣ್ಣ ಮಾತಲ್ಲ.

ಸಂಶೋಧನೆಯ ಸುದ್ದಿ ಖಂಡಿತ ಬರಲಿ. ಜೊತೆಗೆ ಹುಬ್ಬಳ್ಳಿ–ಧಾರವಾಡದ ಕ್ಯಾನ್ಸರ್ ತಜ್ಞರೊಬ್ಬರ ನಾಲ್ಕು ಸಾಲಿನ ವಿವರಣೆಯನ್ನೂ ಪ್ರಕಟಿಸಿ.

– ಓರ್ವ ಓದುಗ, ವಿದ್ಯಾನಗರ, ಹುಬ್ಬಳ್ಳಿ