ಆಡಿದವರು ಕಲಿಸಲು ಬನ್ನಿ

ಈ ಸಲ ದಸರಾ ಗೊಂಬೆ ಜೋಡಿಸುವಾಗ ಮಗಳು ಪಟ್ಟದ ಗೊಂಬೆಯ ಪಕ್ಕ ಹಸಿರು ಜೆರ್ಸಿಯ ರಗ್ಬಿ ಗೊಂಬೆ ತಂದಿಟ್ಟಳು. ಅವಳಮ್ಮ ಬೇಡ ಅನ್ನಲಿಲ್ಲ. ಕ್ಯಾನ್‌ಬೆರಾದ ಮಕ್ಕಳಿಗೆ ರೇಡರ್ಸ್ ತಂಡವೂ ಮನೆದೇವರೇ ಅಲ್ವಾ! ಆಮೇಲೆ ಟಿವಿಯಲ್ಲಿ ಕೋಚ್ ಒಬ್ಬರು ಕೂಗಾಡುವುದನ್ನು ನೋಡಿ ಕೇಳಿದಳು: "ಅಪ್ಪ, ಚೆನ್ನಾಗಿ ಆಡಿದೋರೆಲ್ಲ ಚೆನ್ನಾಗಿ ಹೇಳ್ಕೊಡ್ತಾರಾ?"

ನನಗೆ ತಕ್ಷಣ ನೆನಪಾದವರು ರೇಡರ್ಸ್ ತಂಡದ ಹಳೆಯ ನಾಯಕ ಮಾಲ್ ಮೆನಿಂಗಾ. ಬ್ರೂಸ್ ಸ್ಟೇಡಿಯಂನಲ್ಲಿ ಒಂದು ಸ್ಟ್ಯಾಂಡಿಗೆ ಅವರ ಹೆಸರಿದೆ. ಹುಟ್ಟಿದ್ದು 1960ರಲ್ಲಿ, ಕಬ್ಬಿನ ನಾಡು ಬಂಡಬರ್ಗ್‌ನಲ್ಲಿ. ಆ ಗದ್ದೆಗಳ ಕೂಲಿಗೆಂದು ಪೆಸಿಫಿಕ್ ದ್ವೀಪಗಳಿಂದ ತಂದವರ ವಂಶ. 1980ರ ಮೊಟ್ಟಮೊದಲ ಸ್ಟೇಟ್ ಆಫ್ ಒರಿಜಿನ್ (ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ರಗ್ಬಿ) ಪಂದ್ಯದ ದಿನ ಅವರಿಗೆ 20 ತುಂಬಿತು. ಅಂದು ಕ್ವೀನ್ಸ್‌ಲ್ಯಾಂಡ್‌ಗಾಗಿ ಏಳು ಕಿಕ್, ಏಳೂ ಗೋಲು. 1986ರಲ್ಲಿ ನಮ್ಮೂರ ರೇಡರ್ಸ್‌ಗೆ ಆಡಲು ಬಂದರು. ಮತ್ತೆ ಮತ್ತೆ ಕೈ ಮುರಿದುಕೊಂಡರೂ ಆಟ ಬಿಡಲಿಲ್ಲ.

2001ರಲ್ಲಿ ನಾನು ಇಲ್ಲಿಗೆ ಹೊಸಬ. ಕಾರಿಲ್ಲ. ನೀವೆಲ್ಲ 'ಮಾಮ' ಎಂದು ಕರೆಯುವ ನಮ್ಮ ಕನ್ನಡ ಕೂಟದ ಹಿರಿಯರೇ ಶಾಪಿಂಗಿಗೆ ಕರೆದೊಯ್ಯುತ್ತಿದ್ದರು. ಸೆಪ್ಟೆಂಬರ್‌ನ ಒಂದು ಸಂಜೆ ಕಾರಿನ ರೇಡಿಯೋದಲ್ಲಿ ಸುದ್ದಿ. ಚುನಾವಣೆಗೆ ನಿಲ್ಲಲು ಹೊರಟಿದ್ದ ಮೆನಿಂಗಾ, ಮೊದಲ ಸಂದರ್ಶನದಲ್ಲೇ, ಅರ್ಧ ನಿಮಿಷವೂ ಮಾತಾಡದೆ, ನನ್ನಿಂದ ಆಗಲ್ಲ ಎಂದು ಎದ್ದುಬಿಟ್ಟಿದ್ದರು. ನಾನು ನಕ್ಕೆ. ಮಾಮ ನಗಲಿಲ್ಲ. ಕಾರನ್ನು ಮನೆ ಮುಂದೆ ನಿಲ್ಲಿಸಿ, ಮೊಸರು ಬೆಚ್ಚಗಾಗುತ್ತಿದೆ ಅಂದರೂ ಕೇಳದೆ ರೇಡರ್ಸ್ ಆಡಿದ 1989ರ ಲೀಗ್ ಫೈನಲ್‌ನ ಕಥೆ ಶುರು ಮಾಡಿದರು. ಎದುರಾಳಿ ಸಿಡ್ನಿಯ ಬಾಲ್ಮೈನ್. ಸಮಬಲ, ಹೆಚ್ಚುವರಿ ಸಮಯ, ಕೊನೆಗೆ 19-14. ಸಿಡ್ನಿಯಿಂದ ಹೊರಗಿನ ತಂಡವೊಂದು ಲೀಗ್ ಕಪ್ ಗೆದ್ದದ್ದು ಅದೇ ಮೊದಲು, ನಾಯಕ ಮೆನಿಂಗಾ. 1990ರಲ್ಲಿ ಮತ್ತೆ. 1994ರ ಫೈನಲ್ ಕ್ಲಬ್‌ಗೆ ಅವರ ಕೊನೇ ಪಂದ್ಯ, ಅದರಲ್ಲಿ ಎದುರಾಳಿಯ ಪಾಸ್ ಕಸಿದು ಓಡಿ ಗೆರೆಯಾಚೆ ಚೆಂಡು ಊರಿ ಟ್ರೈ. ಮಾಮ ಸ್ಟಿಯರಿಂಗ್ ಬಿಟ್ಟು ಕೈಯಲ್ಲೇ ಆಡಿ ತೋರಿಸಿದರು. "ಅಂಥವನಿಗೂ ರೇಡರ್ಸ್ ಕೋಚ್ ಆಗಿ ಐದು ವರ್ಷ ಕಪ್ ಸಿಗಲಿಲ್ಲ ಕಣಯ್ಯ. ಆಡೋದೇ ಬೇರೆ, ಕಲಿಸೋದೇ ಬೇರೆ. ಅದನ್ನೂ ಕಲೀಬೇಕು."

ಕಲಿತರು ಕೂಡ. 2006ರಲ್ಲಿ, ಸತತ ಮೂರು ಒರಿಜಿನ್ ಸರಣಿ ಸೋತಿದ್ದ ಕ್ವೀನ್ಸ್‌ಲ್ಯಾಂಡ್ ಅವರ ಕೈಗೆ ಬಂತು. ಮೊದಲ ಪಂದ್ಯ ಸೋಲು. ನಿರ್ಣಾಯಕ ಮೂರನೆಯದು ಕೈಬಿಡುವಂತಿದ್ದಾಗ ನಾಯಕ ಲಾಕ್ಯರ್ ಚೆಂಡು ಹಿಡಿದು ಓಡಿದರು, 16-14. ಅಲ್ಲಿಂದ 2013ರವರೆಗೆ ಸತತ ಎಂಟು ಸರಣಿ! ಸ್ಮಿತ್, ಥರ್ಸ್ಟನ್, ಸ್ಲೇಟರ್ ಇದ್ದರೆ ಯಾರು ಬೇಕಾದರೂ ಗೆಲ್ಲುತ್ತಾರೆ ಅನ್ನುವವರಿದ್ದಾರೆ. ನಾನು ಒಪ್ಪಲ್ಲ. ಅಷ್ಟು ದೊಡ್ಡ ಆಟಗಾರರನ್ನು ಎಂಟು ವರ್ಷ ಒಟ್ಟಿಗೆ ಇಟ್ಟುಕೊಳ್ಳುವುದು ಸುಮ್ನೆ ಅಲ್ಲ. ನಮ್ಮ ಸಮಿತಿ ಸಭೆಗೆ ಬಂದು ನೋಡಿ. ಮುಂದೆ ಆಸ್ಟ್ರೇಲಿಯಾ ತಂಡದ ಕೋಚ್ ಆಗಿ ಎರಡು ವಿಶ್ವಕಪ್ಪೂ ಗೆದ್ದರು.

ಮಾಮ ಕಳೆದ ತಿಂಗಳು ಮೈಸೂರಿಗೆ ವಾಪಸ್ ಹೋದರು. ನಮ್ಮ ನಾಟಕಗಳಲ್ಲಿ ಅವರ ಭೀಮನನ್ನು ನೋಡಿದವರು ಈಗ ಕಡಿಮೆ. ಮೊಣಕಾಲು ನೋವು ಜಾಸ್ತಿಯಾಗಿ ವೇಷ ಬಿಟ್ಟ ಮೇಲೆ ಭಾನುವಾರದ ಕನ್ನಡ ತರಗತಿ ನಡೆಸಿದ್ದು ಅವರೇ. ಆ ಕುರ್ಚಿ ಈಗ ಖಾಲಿ. ಹಿಂದೆ ನಮ್ಮ ವೇದಿಕೆಯಲ್ಲಿ ಕುಣಿದು, ಹಾಡಿ, ಈಗ ಹಿಂದಿನ ಸಾಲಿನಲ್ಲಿ ಕಾಫಿ ಹಿಡಿದು ಕೂರುವವರೇ, ದಯವಿಟ್ಟು ಬನ್ನಿ. ಕಾಗುಣಿತ ಮರೆತಿದ್ದರೂ ಪರವಾಗಿಲ್ಲ, ಪುಸ್ತಕ ಕೊಡುತ್ತೇವೆ.

ಇನ್ನು ಸೂಚನೆಗಳು, ಜಾಗ ಕಡಿಮೆ: ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ ಸಂಜೆ. ಬಿಸಿಬೇಳೆಬಾತ್ ಕೂಟದ್ದು, ಸಿಹಿ ನಿಮ್ಮದು, ತಟ್ಟೆ ಲೋಟ ಮನೆಯಿಂದಲೇ ತನ್ನಿ. ಮಕ್ಕಳ ಹಾಡಿನ ಹೆಸರು ಈ ವಾರದೊಳಗೆ ಕೊಡಿ. ಸದಸ್ಯತ್ವದ ಹಣ ಬಾಕಿ ಇರುವವರಿಗೆ ಖಜಾಂಚಿ ಫೋನ್ ಮಾಡುತ್ತಾರೆ, ಎತ್ತಿಕೊಳ್ಳಿ. ಮುಂದಿನ ಸಂಚಿಕೆಗೆ ಲೇಖನಗಳನ್ನು ಟೈಪ್ ಮಾಡಿಯೇ ಕಳಿಸಿ. ಕೈಬರಹದ ಫೋಟೋ ಬೇಡ, ಅದನ್ನು ರಾತ್ರಿ ಕೂತು ಟೈಪ್ ಮಾಡುವವನು ನಾನೊಬ್ಬನೇ.

– ಸಂಪಾದಕ