ಮಗಳಿಗೊಂದು ಪತ್ರ: ಫೋಟೋ ಆಯ್ತಾ ಅಮ್ಮ?

ಪುಟ್ಟಿ,

ಮೊನ್ನೆ ಫೋನಲ್ಲಿ ಕೇಳಿದೆಯಲ್ಲ, "ಕೂತಲ್ಲೇ ಬರೋ ಬ್ಲಾಗ್ ದುಡ್ಡು ಬಿಟ್ಟು ಈ ಆ್ಯಪ್ ತಲೆನೋವು ಯಾಕಮ್ಮ?" ಅಂತ. ಕುಕ್ಕರ್ ಕೂಗುತ್ತಿತ್ತು, ಏನೋ ಹೇಳಿ ಇಟ್ಟುಬಿಟ್ಟೆ. ಈಗ ಮನೆಯಲ್ಲಿ ಯಾರೂ ಇಲ್ಲ, ಬರೆಯುತ್ತಿದ್ದೇನೆ.

ಆ ದುಡ್ಡು ಹೇಗೆ ಬರುತ್ತಿತ್ತು ಗೊತ್ತಾ? 2010ರಲ್ಲಿ ಅಡುಗೆ ಬ್ಲಾಗಿಗೆ ಗೂಗಲ್ಲಿನವರ ಜಾಹೀರಾತು ಸೇವೆ ಆ್ಯಡ್‌ಸೆನ್ಸ್ ಹಾಕಿದೆ. 10 ಡಾಲರ್ ಆದಾಗ ವಿಳಾಸ ಖಚಿತ ಮಾಡಿಕೊಳ್ಳೋಕೆ ಅಂಚೆಯಲ್ಲಿ ಒಂದು ಪಿನ್ ನಂಬರ್ ಬಂತು. ನಿಮ್ಮಪ್ಪ ಆ ಕಾಗದವನ್ನು ದೇವರ ಮುಂದೆ ಇಟ್ಟರು! 100 ಡಾಲರ್ ಆದ ಮೇಲಷ್ಟೇ ದುಡ್ಡು ಕೈಗೆ. ನನಗೆ ಅಷ್ಟಾಗಲು ಹದಿನಾಲ್ಕು ತಿಂಗಳು ಹಿಡಿಯಿತು. ಆಗ ಕನ್ನಡದ ಪುಟಗಳಿಗೆ ಆ್ಯಡ್‌ಸೆನ್ಸ್ ಇರಲಿಲ್ಲ, ಹಾಗಾಗಿ ಇಂಗ್ಲಿಷಿನಲ್ಲೇ ಬರೆದೆ. ನಮ್ಮ ಸಾರು ರಸಂ ಆಯಿತು, ಹುಳಿ ಸಾಂಬಾರ್ ಆಯಿತು. ಸಾರು ಅಂತ ಹುಡುಕುವವರು ಎಷ್ಟು ಜನ ಹೇಳು.

ಪಾಲು ಕಡಿಮೆ ಇತ್ತು ಅಂತ ಅಲ್ಲ. ಜಾಹೀರಾತಿನಿಂದ ಬರೋ ನೂರಕ್ಕೆ 68 ನಮಗೇ. ಆದರೆ ಆ ನೂರು ಯಾವಾಗ ಹುಟ್ಟುತ್ತೆ ಅನ್ನೋದು ನನ್ನ ಕೈಯಲ್ಲಿರಲಿಲ್ಲ. ಅಮೆರಿಕದಲ್ಲಿ ಕೂತು ಓದುವವರಿಗೆ ತೋರಿಸುವ ಜಾಹೀರಾತಿಗೆ ಬೆಲೆ ಜಾಸ್ತಿ, ಮೈಸೂರಿನವರು ಓದಿದರೆ ಪುಡಿಗಾಸು. ಡಿಸೆಂಬರಿನಲ್ಲಿ ಕೈತುಂಬ, ಜನವರಿಯಲ್ಲಿ ಬರಿಗೈ. ಒಂದು ಸಲ ಗೂಗಲ್ ಹುಡುಕಾಟದಲ್ಲಿ ನನ್ನ ಪುಟ ಕೆಳಗಿಳಿದು, ಒಂದೇ ತಿಂಗಳಲ್ಲಿ ಓದುಗರು ಅರ್ಧ ಆದರು. ಯಾರನ್ನ ಕೇಳೋದು?

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ಪುಟ ಉದ್ದವಾದಷ್ಟೂ ಜಾಹೀರಾತು ಜಾಸ್ತಿ ಹಿಡಿಸುತ್ತದೆ. ಮೆಣಸಿನ ಸಾರು ಮಾಡೋದು ಆರು ಸಾಲಿನ ಮಾತು. ಅದರ ಮುಂದೆ ನಿನ್ನ ಜ್ವರದ ಕಥೆ ಜೋಡಿಸಿದೆ. ನಿನಗಾಗ ಏಳು ವರ್ಷ, ಮೈ ಸುಡುತ್ತಿತ್ತು. ನಾನು ಸಾರಿನ ಬಟ್ಟಲನ್ನು ಕಿಟಕಿ ಹತ್ತಿರ ಇಟ್ಟು, ಕರಿಬೇವು ಸರಿಸಿ, ಹಬೆ ಕಾಣೋ ಹಾಗೆ ಫೋಟೋ ತೆಗೆಯುತ್ತಿದ್ದೆ. ಕಂಬಳಿಯೊಳಗಿಂದ ನೀನು ಕೇಳಿದೆ, "ಫೋಟೋ ಆಯ್ತಾ ಅಮ್ಮ, ಈಗ ಕುಡೀಬಹುದಾ?" ಅಷ್ಟು ಹೊತ್ತಿಗೆ ಸಾರು ಆರಿತ್ತು. ಆ ಮಾತನ್ನೂ ಬರೆದೆ. ಓದಿದವರಿಗೆ ಮುದ್ದಾಗಿ ಕಂಡಿತು, ಆ ತಿಂಗಳು ಒಳ್ಳೇ ದುಡ್ಡೂ ಬಂತು.

ಇನ್ನು ಈ ತಲೆನೋವಿನ ಕಥೆ. ಬ್ಲಾಗನ್ನು ನಡೆಸೋ ಪಿಎಚ್‌ಪಿ ಕೋಡ್ ಕೆದಕುತ್ತಾ ಕೆದಕುತ್ತಾ ನಾನೇ ಕೋಡ್ ಬರೆಯೋದು ಕಲಿತಿದ್ದೆ, ನಿನಗೆ ಗೊತ್ತು. ಹಿಂದಿನ ಬೀದಿಯ ಅಡುಗೆ ಕಂಟ್ರಾಕ್ಟರ್ ಭಟ್ಟರು ಮದುವೆ ಸಾಮಾನಿನ ಪಟ್ಟಿಯನ್ನು ಹಳೇ ಲಗ್ನಪತ್ರಿಕೆ ಬೆನ್ನಿಗೆ ಬರೆಯುತ್ತಿದ್ದರು. ಜನ 400 ಇದ್ದದ್ದು 500 ಆದರೆ ಮತ್ತೆ ಮೊದಲಿಂದ. ಅದನ್ನೇ ಮೊಬೈಲ್ ಆ್ಯಪ್ ಮಾಡಿದೆ. ಎಷ್ಟು ಜನ, ಏನೇನು ಅಡುಗೆ ಅಂತ ಒತ್ತಿದರೆ ಪಟ್ಟಿ ಬರುತ್ತದೆ. ವಾಟ್ಸಾಪಿನಲ್ಲಿ ಸಂತೆಪೇಟೆ ಅಂಗಡಿಗೆ ಕಳಿಸಿದರೆ ಆಯಿತು.

ಮೊದಲ ಪಟ್ಟಿ ಕೊಟ್ಟ ಮರುದಿನ ಬೆಳಗ್ಗೆ ಐದೂವರೆಗೆ ಭಟ್ಟರ ಫೋನು. "ಏನು ತಾಯಿ, ಇಷ್ಟು ಒಣಮೆಣಸಿನಕಾಯಿ ಹಾಕಿದ್ದೀರಿ, ಬೀಗರನ್ನ ಓಡಿಸಬೇಕಾ?" ನಾನು ನೂರು ಜನದ ಅಳತೆಯನ್ನು ಸುಮ್ನೆ ಐದರಿಂದ ಗುಣಿಸಿದ್ದೆ. ಅಕ್ಕಿ, ಬೇಳೆ ಜನದ ಲೆಕ್ಕಕ್ಕೆ ಏರುತ್ತವೆ. ಖಾರ, ಇಂಗು ಹಾಗೆ ಏರೋದಿಲ್ಲ. ಎರಡು ದಿನ ಅವರ ಒಲೆ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದೇ ತಿದ್ದಿದೆ. ಅಷ್ಟು ವರ್ಷ ಬ್ಲಾಗ್ ಬರೆದರೂ ಒಬ್ಬರೂ ನನ್ನನ್ನು ಹೀಗೆ ಬೈದಿರಲಿಲ್ಲ ಪುಟ್ಟಿ. ಓದುವವರು ಒಬ್ಬರು, ದುಡ್ಡು ಕೊಡುವವರು ಇನ್ನೊಬ್ಬರು. ಓದುವವರಿಗೆ ಬೈಯೋ ಹಕ್ಕೇ ಇರಲಿಲ್ಲ ಅನ್ನಿಸುತ್ತೆ. ಭಟ್ಟರು ದುಡ್ಡೂ ಕೊಡುತ್ತಾರೆ, ಬೈಯುತ್ತಲೂ ಇದ್ದಾರೆ. ನನಗೆ ಇದೇ ಸರಿ.

ತಿಂಗಳಿಗೆ 400 ರೂಪಾಯಿ ಅಂತ ಇಟ್ಟಿದ್ದೆ. ಆಷಾಢ ಬಂತು, ಮದುವೆ ಇಲ್ಲ, ಎಲ್ಲರೂ ನಿಲ್ಲಿಸಿದರು. ಧನುರ್ಮಾಸದಲ್ಲೂ ಅದೇ ಪಾಡು. ಇಷ್ಟು ವರ್ಷ ಡಿಸೆಂಬರಿಗೆ ಕಾಯುತ್ತಿದ್ದವಳು ಈಗ ಧನುರ್ಮಾಸ ಅಂದರೆ ಹೆದರುತ್ತೇನೆ. ಕೊನೆಗೆ ಒಂದು ಸಮಾರಂಭಕ್ಕೆ 60 ರೂಪಾಯಿ ಅಂತ ಮಾಡಿದೆ, ಯುಪಿಐನಲ್ಲಿ ಬರುತ್ತದೆ. ಈಗ ಆ್ಯಪ್ ಬಳಸೋ ಅಡುಗೆಯವರು 37 ಜನ ಇದ್ದಾರೆ. ಸರ್ವರ್ ಬಾಡಿಗೆ ಕಳೆದರೆ ಬ್ಲಾಗಿನ ಒಳ್ಳೇ ತಿಂಗಳಲ್ಲಿ ಬರುತ್ತಿದ್ದುದರ ಮೂರನೇ ಒಂದು ಪಾಲು ಉಳಿಯುತ್ತದೆ, ಸುಳ್ಳು ಯಾಕೆ ಹೇಳಲಿ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು ಅಂತ ನಿಮ್ಮಪ್ಪ ಈಗಲೇ ಒಂದು ಫೈಲು ತಂದಿಟ್ಟಿದ್ದಾರೆ.

ಬ್ಲಾಗನ್ನು ಪೂರ್ತಿ ಮುಚ್ಚಿಲ್ಲ. ಜಾಹೀರಾತು ತೆಗೆದು, ಅಡುಗೆ ಮಾಡೋ ವಿಧಾನ ಮಾತ್ರ ಉಳಿಸಿ, ರಸಂ ಅಂತ ಇದ್ದ ಕಡೆಯೆಲ್ಲ ಸಾರು ಅಂತ ತಿದ್ದುತ್ತಿದ್ದೇನೆ. ನಿನ್ನ ಕಥೆ ಇರುವ 43 ಪುಟಗಳನ್ನು ಯಾರಿಗೂ ಕಾಣದ ಹಾಗೆ ಪಕ್ಕಕ್ಕಿಟ್ಟಿದ್ದೇನೆ. ಜ್ವರ, ಹಲ್ಲು ಬಿದ್ದದ್ದು, ಗಣಿತದಲ್ಲಿ 12 ಬಂದದ್ದು, ಎಲ್ಲ ಇದೆ. ಬರೆಯುವಾಗ ನಿನ್ನನ್ನು ಒಂದು ಮಾತು ಕೇಳಿರಲಿಲ್ಲ. ಪಾಸ್‌ವರ್ಡ್ ಕಳಿಸುತ್ತೇನೆ, ಓದಿ ನೋಡು. ಬೇಡ ಅನ್ನಿಸಿದ್ದನ್ನು ಅಳಿಸಿಬಿಡು, ನನ್ನನ್ನು ಕೇಳಬೇಡ.

ನಿನ್ನ,
ಅಮ್ಮ