ಸಲಹೆ ಪೆಟ್ಟಿಗೆ ಇದ್ದರೆ ಸಾಲದು, ಉತ್ತರ ಬೇಕು

ಮಾನ್ಯ ಸಂಪಾದಕರೇ,

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗದಂಥ ಕಡೆ ಹಲವು ಕಾರ್ಖಾನೆಗಳಲ್ಲಿ ಹಾಜರಿ ಹಾಕುವ ಜಾಗದ ಪಕ್ಕದಲ್ಲೇ ಸಲಹೆ ಪೆಟ್ಟಿಗೆ ಇರುತ್ತದೆ. ಬೀಗದ ಕೈ ಎಚ್‌ಆರ್ ವಿಭಾಗದಲ್ಲಿ. ಎರಡು ಮೂರು ತಿಂಗಳಿಗೊಮ್ಮೆ ಸಮಿತಿ ಕೂತಾಗ ತೆಗೆಯುತ್ತಾರೆ. ಅಷ್ಟರಲ್ಲಿ ಚೀಟಿ ಬರೆದವರ ಉತ್ಸಾಹ ಆರಿಹೋಗಿರುತ್ತದೆ. ಆಮೇಲೆ ಪೆಟ್ಟಿಗೆ ಖಾಲಿ ಬಿದ್ದಾಗ ‘ನಮ್ಮ ಹುಡುಗರಿಗೆ ಹೊಸದೇನೂ ಹೊಳೆಯುವುದಿಲ್ಲ’ ಎನ್ನುತ್ತಾರೆ. ಇದು ತಪ್ಪು ತೀರ್ಮಾನ. ಹೊಳೆದದ್ದನ್ನು ಹೇಳಿದರೂ ಉತ್ತರ ಬರಲಿಲ್ಲ, ಅದಕ್ಕೇ ಹೇಳುವುದನ್ನು ಬಿಟ್ಟಿದ್ದಾರೆ.

ಸಿಎನ್‌ಸಿ ಲೇತ್‌ನಲ್ಲಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕಡೆಯುವ ಯಂತ್ರ) ಒಂದು ಜಾಬ್ (ಒಂದು ಬಗೆಯ ಭಾಗದ ಕೆಲಸ) ಮುಗಿದು ಇನ್ನೊಂದಕ್ಕೆ ಸೆಟ್ಟಿಂಗ್ ಬದಲಿಸುವ ಹೊತ್ತನ್ನು ನಿಂತು ನೋಡಿ. ಮೆಷಿನ್ ಸುಮ್ಮನೆ ನಿಂತಿದೆ. ಸೆಟ್ಟಿಂಗ್ ಮಾಡುವ ಸೆಟ್ಟರ್ ಅಲೆನ್ ಕೀ ಹುಡುಕಿಕೊಂಡು ಪಕ್ಕದ ಮೆಷಿನ್‌ಗೆ ಹೋಗುತ್ತಾರೆ, ಇನ್ಸರ್ಟ್‌ಗೆ (ಕತ್ತರಿಸುವ ಅಲಗಿಗೆ) ಸ್ಟೋರ್‌ಗೆ, ಅಳತೆಯ ಗೇಜ್‌ಗೆ ಇನ್‌ಸ್ಪೆಕ್ಷನ್ ಕೋಣೆಗೆ. ಭಾಗವನ್ನು ಹಿಡಿದು ತಿರುಗಿಸುವ ಚಕ್ಕಿನ ಸಾಫ್ಟ್ ಜಾಗಳ (ಮೆದು ಲೋಹದ ಹಿಡಿ ದವಡೆಗಳ) ಮೇಲೆ ಗುರುತಿಲ್ಲದಿದ್ದರೆ ಯಾವುದು ಯಾವ ತೋಡಿನಲ್ಲಿ ಕೂರಬೇಕೆಂದು ತಿಳಿಯದೆ ಅವನ್ನು ಮತ್ತೆ ಬೋರ್ ಮಾಡಬೇಕು (ಅಳತೆಗೆ ಕೊರೆಯಬೇಕು). ಕೊನೆಗೆ ಫಸ್ಟ್ ಪೀಸ್, ಅಂದರೆ ಹೊಸ ಸೆಟ್ಟಿಂಗ್‌ನ ಮೊದಲ ಭಾಗ, ಒಪ್ಪಿಗೆಗಾಗಿ ಸರದಿಯಲ್ಲಿ ಕಾಯುತ್ತದೆ. ಇದಕ್ಕೆಲ್ಲ ಪರಿಹಾರ ಸೆಟ್ಟರ್‌ಗೇ ಗೊತ್ತು. ಜಾಗಳ ಮೇಲೆ 1, 2, 3 ಎಂದು ಪಂಚ್ ಹೊಡೆದು, ಅಂಚಿನಿಂದ ಎಷ್ಟನೇ ಹಲ್ಲಿಗೆ ಕೂರಿಸಿತ್ತೆಂದು ಸೆಟ್ಟಿಂಗ್ ಶೀಟ್‌ನಲ್ಲಿ ಬರೆದಿಟ್ಟರೆ ಮುಂದಿನ ಸಲ ತೆಳುವಾದ ಒಂದು ಕಟ್ ಸಾಕಾಗುತ್ತದೆ. ಹಳೆಯ ಆಂಗಲ್ ಮತ್ತು ಪ್ಲೈವುಡ್ ಹಲಗೆಯಲ್ಲಿ ಒಂದು ಟ್ರಾಲಿ ಮಾಡಿ, ಮುಂದಿನ ಜಾಬ್‌ಗೆ ಬೇಕಾದ ಜಾ, ಕೀ, ಇನ್ಸರ್ಟ್, ಗೇಜ್, ಡ್ರಾಯಿಂಗ್ ಎಲ್ಲವನ್ನೂ ಈಗಿನ ಜಾಬ್ ಓಡುತ್ತಿರುವಾಗಲೇ ಜೋಡಿಸಿಡಬಹುದು. ಒಂದು ಸೆಟ್ಟಿಂಗ್‌ನಲ್ಲಿ 15 ನಿಮಿಷ ಉಳಿಯಿತೆನ್ನಿ. ದಿನಕ್ಕೆ ಎರಡು ಸೆಟ್ಟಿಂಗ್‌ನಂತೆ 25 ದಿನಕ್ಕೆ ಹನ್ನೆರಡೂವರೆ ಗಂಟೆ, ಅದೂ ಒಂದೇ ಮೆಷಿನ್‌ನಲ್ಲಿ.

ಇಂಥ ಸಲಹೆಗೆ ಸಮಿತಿ ಏಕೆ ಬೇಕು? ಸೂಪರ್‌ವೈಸರ್‌ಗೆ ₹2,000ದವರೆಗೆ ಯಾರನ್ನೂ ಕೇಳದೆ ಖರ್ಚು ಮಾಡುವ ಅಧಿಕಾರ ಕೊಟ್ಟರೆ ಟ್ರಾಲಿ ಅದೇ ವಾರ ತಯಾರಾಗುತ್ತದೆ. ಹೇಳಿದವರೇ ಅದನ್ನು ಮಾಡಿ ನೋಡಲಿ. ಅದಕ್ಕೆ ವಾರಕ್ಕೆ ಅರ್ಧ ಗಂಟೆ ಶಿಫ್ಟ್‌ನ ಒಳಗೇ ಕೊಡಬೇಕು. ಶಿಫ್ಟ್ ಮುಗಿದು ಬಸ್ಸಿಗೆ ಓಡುವ ಹೊತ್ತಿನಲ್ಲಿ ಯಾರನ್ನೂ ಕೂರಿಸಿಕೊಳ್ಳಬಾರದು.

ಟೊಯೋಟಾ ಕಂಪನಿಯ ಐಜಿ ಟೊಯೋಡಾ 1950ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಸಲಹೆ ಪದ್ಧತಿಯನ್ನು ಕಂಡು ಬಂದರು. ಮರುವರ್ಷವೇ ಅದನ್ನು ತಮ್ಮಲ್ಲಿ ಶುರುಮಾಡಿದರು. ಟೊಯೋಟಾದ ಅಸೆಂಬ್ಲಿ ಲೈನ್‌ನಲ್ಲಿ ಕಾರ್ಮಿಕರು ತೊಂದರೆ ಕಂಡೊಡನೆ ಎಳೆಯುವ ಹಗ್ಗವನ್ನೂ ಕಟ್ಟಿದ್ದರು. ಎಳೆದ ಕೂಡಲೇ ತಂಡದ ಮುಖಂಡರು ಓಡಿಬರುತ್ತಿದ್ದರು. ಆ ಹಂತ ಮುಗಿಯುವುದರೊಳಗೆ ತೊಂದರೆ ಬಗೆಹರಿಯದಿದ್ದರೆ ಮಾತ್ರ ಲೈನ್ ನಿಲ್ಲುತ್ತಿತ್ತು. ಹಗ್ಗ ಯಾರು ಬೇಕಾದರೂ ಕಟ್ಟಬಹುದು. ಓಡಿಬರುವ ಮುಖಂಡರಿದ್ದರೆ ಮಾತ್ರ ಅದಕ್ಕೆ ಬೆಲೆ.

ನಮ್ಮಲ್ಲಿ ಇದನ್ನು ಮಾಡಲು ದೊಡ್ಡ ಬಂಡವಾಳ ಬೇಡ. ಪೆಟ್ಟಿಗೆ ತೆಗೆದು ಮೆಷಿನ್‌ಗಳ ಪಕ್ಕ ಒಂದು ಬೋರ್ಡ್ ಹಾಕಲಿ. ಬಂದ ಸಲಹೆ, ನೋಡುತ್ತಿರುವವರ ಹೆಸರು, ಉತ್ತರ ಕೊಡಬೇಕಾದ ದಿನ, ಆದದ್ದು ಅಥವಾ ಆಗದ್ದಕ್ಕೆ ಕಾರಣ, ಇಷ್ಟು ಅಂಕಣ ಸಾಕು. ಮರುದಿನದೊಳಗೆ ‘ಬಂತು, ನೋಡುತ್ತೇವೆ’ ಎನ್ನಬೇಕು, ಏಳು ದಿನದೊಳಗೆ ಆಗುತ್ತದೆ ಅಥವಾ ಇಲ್ಲ ಎನ್ನಬೇಕು. ‘ಇಲ್ಲ’ ಎಂದರೆ ಸೂಪರ್‌ವೈಸರ್ ಕಾರಣವನ್ನು ಎದುರಿಗೇ ನಿಂತು ಹೇಳಬೇಕು. ಕಾರಣ ತಿಳಿದವರು ಮತ್ತೆ ಸಲಹೆ ಕೊಡುತ್ತಾರೆ, ಮೌನ ಕಂಡವರು ಕೊಡುವುದಿಲ್ಲ. ಫಾರಂ ಕನ್ನಡದಲ್ಲಿರಲಿ, ಹಿಂದಿ, ಒಡಿಯಾ ಮಾತಾಡುವವರಿದ್ದರೆ ಅವರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳಲಿ. ಶಿಫ್ಟ್ ಆರಂಭದ ಮಾತುಕತೆಯಲ್ಲಿ ‘ಏನಾದರೂ ಐಡಿಯಾ ಇದೆಯಾ?’ ಎಂದು ಕೇಳಿದರೆ ಎಲ್ಲರೂ ನೆಲ ನೋಡುತ್ತಾರೆ. ‘ನಿನ್ನೆ ಯಾವುದರಿಂದ ಕೆಲಸ ನಿಂತಿತು?’ ಎಂದು ಕೇಳಬೇಕು.

ಕೆಡುವುದು ಎಲ್ಲಿ ಎಂಬುದೂ ಗೊತ್ತಿರುವ ವಿಷಯವೇ. ಪ್ರತಿಯೊಬ್ಬರೂ ತಿಂಗಳಿಗೆ ಎರಡು ಸಲಹೆ ಕೊಡಲೇಬೇಕೆಂದು ಗುರಿ ಇಟ್ಟರೆ ತಿಂಗಳ ಕೊನೆಯ ದಿನ ಹಳೆಯ ಫಾರಂಗಳೇ ದಿನಾಂಕ ಬದಲಿಸಿಕೊಂಡು ಬರುತ್ತವೆ. ಎಷ್ಟು ಬಂದವು ಎಂಬುದಕ್ಕಿಂತ ಏಳು ದಿನದಲ್ಲಿ ಎಷ್ಟಕ್ಕೆ ಉತ್ತರ ಹೋಯಿತು ಎಂದು ಎಣಿಸಬೇಕು, ಆ ಲೆಕ್ಕ ಸೂಪರ್‌ವೈಸರ್ ಮತ್ತು ಮ್ಯಾನೇಜರ್ ಹೆಸರಿನಲ್ಲಿರಬೇಕು. ಉಳಿತಾಯದ ಹಣದಲ್ಲಿ ಇಷ್ಟು ಪಾಲು ಎಂದು ಬಹುಮಾನ ಇಟ್ಟರೆ ಮೊದಲು ಹೇಳಿದ್ದು ಯಾರು ಎಂಬ ಜಗಳ ಹುಟ್ಟುತ್ತದೆ. ಜಾರುವ ನೆಲ, ಮೆಷಿನ್‌ನ ಸಡಿಲ ಗಾರ್ಡ್‌ನಂಥ (ರಕ್ಷಣಾ ಕವಚ) ಸುರಕ್ಷತೆಯ ಸಲಹೆಗಳಲ್ಲಿ ರೂಪಾಯಿ ಉಳಿತಾಯ ಕಾಣದೆ ಅವು ಬಿದ್ದುಹೋಗುತ್ತವೆ. ಆಯುಧಪೂಜೆಯ ದಿನ ಎಲ್ಲರೆದುರು ಹೆಸರು ಹೇಳಿ ತಂಡಕ್ಕೆ ಸಮನಾದ ಸಣ್ಣ ಬಹುಮಾನ ಕೊಡುವುದು ಎಷ್ಟೋ ಮೇಲು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೇರೆಯೇ. ಉಳಿದ 15 ನಿಮಿಷವನ್ನು ಮರುದಿನವೇ ಟಾರ್ಗೆಟ್‌ಗೆ ಸೇರಿಸುವುದು, ಅಥವಾ ‘ಈಗ ಹೆಲ್ಪರ್ ಬೇಕಿಲ್ಲ’ ಎಂದು ಒಬ್ಬರನ್ನು ಕಳಿಸಿಬಿಡುವುದು. ಜೊತೆಗೆ ಊಟ ಮಾಡುವವರ ಕೆಲಸ ಹೋಗುತ್ತದೆಂದು ಗೊತ್ತಾದ ಮೇಲೆ ಆ ಕಾರ್ಖಾನೆಯಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ, ತೆರೆಯಲೂ ಬಾರದು. ಸಲಹೆಯಿಂದ ಯಾರ ಕೆಲಸವೂ ಹೋಗುವುದಿಲ್ಲ ಎಂದು ಮಾಲೀಕರು ಬರೆದು ಬೋರ್ಡ್‌ನ ಮೇಲೇ ಅಂಟಿಸಿ, ಆರ್ಡರ್ ಕಡಿಮೆಯಾದ ತಿಂಗಳಲ್ಲೂ ಆ ಮಾತಿಗೆ ನಿಲ್ಲಬೇಕು. ಗುತ್ತಿಗೆ ಕಾರ್ಮಿಕರನ್ನು ಈ ಪದ್ಧತಿಯಿಂದ ಹೊರಗಿಡುವುದನ್ನೂ ನಿಲ್ಲಿಸಬೇಕು. ಬರ್ (ಕತ್ತರಿಸಿದ ಅಂಚಿನ ಚೂಪು ಉಳಿಕೆ) ತೆಗೆಯುವ, ಪ್ಯಾಕ್ ಮಾಡುವ ಜಾಗದಲ್ಲಿ ದಿನವಿಡೀ ನಿಂತಿರುವವರು ಅವರೇ. ರಿಜೆಕ್ಷನ್ ಮೊದಲು ಕಣ್ಣಿಗೆ ಬೀಳುವುದೂ ಅವರಿಗೇ.

ಕಾಸಿಯಾ (ಕರ್ನಾಟಕ ಸಣ್ಣ ಕೈಗಾರಿಕೆಗಳ ಸಂಘ) ಮತ್ತು ಆಯಾ ಕೈಗಾರಿಕಾ ಪ್ರದೇಶಗಳ ಸಂಘಗಳು ಸೂಪರ್‌ವೈಸರ್‌ಗಳಿಗಾಗಿ ಕನ್ನಡದಲ್ಲೇ ಅರ್ಧ ದಿನದ ತರಬೇತಿ ನಡೆಸಬೇಕೆಂದು ಕೋರುತ್ತೇವೆ. ಅದು ಸಭಾಂಗಣದಲ್ಲಿ ಬೇಡ. ಯಾವುದಾದರೂ ಸದಸ್ಯ ಕಾರ್ಖಾನೆಯಲ್ಲಿ, ಸೆಟ್ಟಿಂಗ್ ಬದಲಾಗುತ್ತಿರುವ ಒಂದು ಮೆಷಿನ್‌ನ ಎದುರು ನಡೆಯಲಿ.

– ಸಣ್ಣ ಕೈಗಾರಿಕೆಗಳ ಉತ್ಪಾದನಾ ವಿಭಾಗದ ಕೆಲವು ಓದುಗರು, ಬೆಂಗಳೂರು